ಬೆರೆಸಬಾರದ ಒಂಬತ್ತು ಆಮ್ಲಗಳು

ನಮ್ಮ ಪಕ್ಕದ ಮನೆಯ ಶಿವಶರಣಪ್ಪನವರು ಇಪ್ಪತ್ತೆರಡು ವರ್ಷಗಳಿಂದ ಅಮೈನೋ ಆಮ್ಲ ಮಾರುತ್ತಿದ್ದಾರೆ. ಲೀಟರ್ ಡಬ್ಬಿಯಲ್ಲಿ. ಸಿಂಧನೂರಿನ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಅವರದೊಂದು ಗೊಬ್ಬರ ಮತ್ತು ಔಷಧಿ ಅಂಗಡಿ. ಔಷಧಿ ಎಂದರೆ ಮನುಷ್ಯರದಲ್ಲ. ಭತ್ತದ್ದು, ಹತ್ತಿಯದು, ಮೆಣಸಿನಗಿಡದ್ದು. ಪೈರು ಮಂಕಾಯಿತೆಂದು ರೈತರು ಬಂದರೆ ಶಿವಶರಣಪ್ಪನವರು ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ಕಂದು ಬಣ್ಣದ ಡಬ್ಬಿಯೊಂದನ್ನು ಇಳಿಸಿ, "ಅಮೈನೋ ಹೊಡಿ. ಎಂಟು ದಿನದಾಗ ಬಂದು ನನಗ ಹೇಳು" ಎನ್ನುತ್ತಾರೆ. ಹೀಗೆ ತಾಲ್ಲೂಕಿಗೆಲ್ಲ ಹಂಚಿದ ವಸ್ತು ತಮ್ಮ ಮೈಯಲ್ಲೇ ಕಡಿಮೆ ಇದೆ ಎಂದು ಒಬ್ಬ ಡಾಕ್ಟರು ಹೇಳಿದರೆ ಯಾರಿಗಾದರೂ ಮನಸ್ಸಿಗೆ ಹತ್ತುತ್ತದೆ.

ಅವರ ಅಂಗಡಿಯಲ್ಲಿ, ಗಲ್ಲಾದ ನೆತ್ತಿಯ ಮೇಲೆ, ಒಂದು ಹಲಗೆ ಇದೆ: "ಎರಡು ಔಷಧಿ ಒಂದೇ ಟ್ಯಾಂಕಿನಲ್ಲಿ ಬೆರೆಸಬಾರದು. ಬೆರೆಸಿದರೆ ಅಂಗಡಿ ಜವಾಬ್ದಾರಿಯಲ್ಲ." ಪಾಮನಕಲ್ಲೂರಿನ ತಾಯಪ್ಪ ಎಂಬ ರೈತ ನಾಲ್ಕು ವರ್ಷಗಳ ಹಿಂದೆ ಎರಡು ಡಬ್ಬಿ ಒಟ್ಟಿಗೆ ಸುರಿದು, ಅದು ಸಿಂಪಡಿಸುವ ಟ್ಯಾಂಕಿನಲ್ಲಿ ಒಡೆದ ಹಾಲಿನಂತಾಗಿ, ಮೆಣಸಿನಗಿಡದ ಎಲೆಗಳೆಲ್ಲ ಸುಟ್ಟುಹೋದ ಮೇಲೆ ಬರೆಸಿದ ಹಲಗೆ. ಒಳ್ಳೆಯ ನಿಯಮ. ಒಳ್ಳೆಯ ನಿಯಮಗಳ ತೊಂದರೆ ಒಂದೇ: ಅವು ಎಲ್ಲಿಗೆ ಮುಗಿಯುತ್ತವೆ ಎನ್ನುವುದನ್ನು ಹಲಗೆಯ ಮೇಲೆ ಯಾರೂ ಬರೆಸುವುದಿಲ್ಲ.

ಯೂರಿಯಾ ಚೀಲ ಎತ್ತುವಾಗ ತಲೆ ತಿರುಗಿತು ಎಂದು ಶಿವಶರಣಪ್ಪನವರು ಹೇಳಿಕೊಂಡು ಬಂದರು. ಚೀಲ ಎತ್ತುತ್ತಿದ್ದವನು ಹಮಾಲಿ. ಇವರು ಕುರ್ಚಿಯಲ್ಲಿ ಕುಳಿತು ಎಣಿಸುತ್ತಿದ್ದರು. ತಲೆ ತಿರುಗಿದ್ದು ಮಾತ್ರ ನಿಜ. ನನ್ನ ಮೊಣಕಾಲಿಗೆ ನಾನು ಲಿಂಗಸುಗೂರಿನ ಡಾಕ್ಟರ್ ಜುಲ್ಫಿಕರ್ ಅವರಲ್ಲಿ ಹೋಗುವುದಿತ್ತು. ಶಿವಶರಣಪ್ಪನವರ ಹೆಂಡತಿ ಕಲ್ಯಾಣಮ್ಮ ಹಿತ್ತಲ ಗೋಡೆಯ ಮೇಲಿಂದ ನನ್ನನ್ನು ಕರೆದಳು.

"ಅಮ್ಮಾರ, ಇವರನ್ನೂ ಕರ್ಕೊಂಡು ಹೋಗ್ರಿ. ಡಾಕ್ಟ್ರು ಹೇಳಿದ್ದರಾಗ ಇವರು ಅರ್ಧ ಕೇಳ್ತಾರ. ಉಳಿದರ್ಧ ನೀವು ಕೇಳ್ಕೊಂಡು ಬರ್ರಿ."

ಡಾಕ್ಟರ್ ಜುಲ್ಫಿಕರ್ ಮೆತ್ತಗೆ ಮಾತನಾಡುವ ಮನುಷ್ಯ. ನಾಡಿ ಹಿಡಿದು, ಬಿ.ಪಿ. ನೋಡಿ, ತೂಕಕ್ಕೆ ನಿಲ್ಲಿಸಿ, ದಿನಾ ಏನು ಊಟ ಮಾಡುತ್ತೀರಿ ಎಂದು ಕೇಳಿದರು.

"ಮುಂಜಾನೆ ಚಾ. ಹತ್ತಕ್ಕ ಮಿರ್ಚಿ ಭಜಿ, ಮಂಡಾಳ. ಮಧ್ಯಾಹ್ನ ಗಿರಾಕಿ ಇರ್ತಾರ್ರಿ, ಮತ್ತೊಮ್ಮೆ ಮಿರ್ಚಿ. ರಾತ್ರಿ ಮನಿಯಾಗ ಊಟ, ಅಷ್ಟೊತ್ತಿಗೆ ಹಸಿವು ಇರಂಗಿಲ್ಲ."

"ಹೊಟ್ಟಿ ತುಂಬೈತಿ, ಆದ್ರ ಮೈಗೆ ಏನೂ ಹೋಗಿಲ್ರಿ ಸಾಹುಕಾರ್ರೇ. ಪ್ರೋಟೀನ್ ಕಡಿಮಿ ಆಗೈತಿ. ಅಮೈನೋ ಆಸಿಡ್ ಅಂತ ಇರ್ತಾವು. ಅದರಾಗ ಒಂಬತ್ತನ್ನ ನಮ್ಮ ಮೈ ತಾನ ತಯಾರ ಮಾಡ್ಕೊಳ್ಳಂಗಿಲ್ಲ. ಅವು ಊಟದಾಗಿಂದನ..."

"ಅಮೈನೋದ್ದು ನನಗ ಹೇಳಬ್ಯಾಡ್ರಿ ಡಾಕ್ಟ್ರೇ. ನಾ ಅದನ್ನ ಮಾರ್ತೀನಿ."

ಡಾಕ್ಟರು ಗೌರವದಿಂದ ಕೇಳಿದರು: "ಜಿಮ್ ನಡಸ್ತೀರೇನ್ರಿ?"

"ಗೊಬ್ಬರದಂಗಡಿ."

ಡಾಕ್ಟರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಹಾಕಿಕೊಂಡು, ಚೀಟಿಯ ಬೆನ್ನಿಗೆ ಒಂಬತ್ತು ಹೆಸರು ಬರೆದರು. ಪ್ರತಿ ಹೆಸರಿನ ಎದುರಿಗೆ ಅದು ಚೆನ್ನಾಗಿ ಸಿಗುವ ಒಂದೊಂದು ಪದಾರ್ಥ. ಲೈಸಿನ್ ಎದುರಿಗೆ ತೊಗರಿಬೇಳೆ, ಲ್ಯೂಸಿನ್ ಎದುರಿಗೆ ಜೋಳ, ಮೆಥಿಯೋನಿನ್ ಎದುರಿಗೆ ಎಳ್ಳು, ವ್ಯಾಲಿನ್ ಎದುರಿಗೆ ಶೇಂಗಾ, ಹೀಗೆ. ಅಷ್ಟರಲ್ಲಿ ಶಿವಶರಣಪ್ಪನವರ ಫೋನು ಬಡಿದುಕೊಂಡಿತು. ಆರ್.ಎಚ್. ಕ್ಯಾಂಪ್ ಊರಿನ ರೈತನೊಬ್ಬನ ಭತ್ತಕ್ಕೆ ಹುಳ ಬಿದ್ದಿತ್ತು. ಇವರು ಚೀಟಿಯನ್ನು ಜೇಬಿಗೆ ಹಾಕಿಕೊಂಡು, ಹುಳಕ್ಕೆ ಔಷಧಿ ಹೇಳುತ್ತ ಹೊರಗೆ ನಡೆದರು.

ಡಾಕ್ಟರು ಉಳಿದರ್ಧವನ್ನು ನನಗೆ ಹೇಳಿದರು. "ಅಮ್ಮಾ, ಇವನ್ನ ಬ್ಯಾರೆ ಬ್ಯಾರೆ ತಿನ್ನೂದಲ್ಲ. ಜ್ವಾಳದಾಗ ಲೈಸಿನ್ ಕಡಿಮಿ, ಬ್ಯಾಳ್ಯಾಗ ಅದು ಜಾಸ್ತಿ. ಬ್ಯಾಳ್ಯಾಗ ಮೆಥಿಯೋನಿನ್ ಕಡಿಮಿ, ಅದನ್ನ ಜ್ವಾಳ ತುಂಬತೈತಿ. ದಿನಾ ರೊಟ್ಟಿ, ಬ್ಯಾಳಿ ಎರಡೂ ತಿಂದ್ರ ಒಂಬತ್ತೂ ಸಿಕ್ಕಂಗ. ಮಿರ್ಚಿ ಬಿಟ್ಟು ಹೊತ್ತಿಗೆ ಸರಿಯಾಗಿ ಊಟ ಮಾಡಂತ ಹೇಳ್ರಿ, ಸಾಕು."

ಬಸ್ಸಿನಲ್ಲಿ ಇದನ್ನು ಚಾಚೂ ತಪ್ಪದೆ ಹೇಳಿದೆ. ಶಿವಶರಣಪ್ಪನವರು ತಾಳ್ಮೆಯಿಂದ ಕೇಳಿಸಿಕೊಂಡರು.

"ಅಮ್ಮಾರ, ನೀವು ಕಾಲೇಜಿನಾಗ ಕೆಮಿಸ್ಟ್ರಿ ಓದಿದ್ದು ಯಾವ ಇಸ್ವಿ?"

"ಎಪ್ಪತ್ಮೂರು."

"ಆವಾಗ ಅಮೈನೋ ಇನ್ನೂ ಲಿಕ್ವಿಡ್ ಬಂದಿದ್ದಿಲ್ಲ ಬಿಡ್ರಿ."

ನನ್ನ ಪದವಿ ಅಲ್ಲಿಗೆ ಮುಗಿಯಿತು. ಮಸ್ಕಿ ಬರುವಷ್ಟರಲ್ಲಿ ಅವರು ಕಂಡಕ್ಟರನಿಗೆ ನಾಲ್ಕು ಆಮ್ಲಗಳನ್ನು ಪರಿಚಯ ಮಾಡಿಕೊಟ್ಟಿದ್ದರು. ನನಗೆ ಕಿಟಕಿಯ ಬಿಸಿಲು ಹೊಡೆಯುತ್ತಿದೆ ಎಂದು ಮಾತಿನ ನಡುವೆಯೇ ಎದ್ದು ಜಾಗ ಬದಲಿಸಿಕೊಟ್ಟರು. ಅದನ್ನೂ ಹೇಳಬೇಕು, ಮನುಷ್ಯ ಕೆಟ್ಟವರಲ್ಲ, ತಿಳಿದವರು ಅಷ್ಟೆ.

ಮರುದಿನ ಅಡುಗೆಮನೆಯ ಗೋಡೆಯ ಮೇಲೆ ಒಂದು ಪಟ್ಟಿ ಬಂತು. ಮೆಣಸಿನಗಿಡಕ್ಕೆ ಯಾವ ವಾರ ಯಾವ ಔಷಧಿ ಎಂದು ಕಂಪನಿಯವರು ಛಾಪಿಸಿ ಕೊಡುತ್ತಾರಲ್ಲ, ಥೇಟ್ ಅದೇ ನಮೂನೆ. ಒಂಬತ್ತು ಆಮ್ಲ, ಒಂಬತ್ತು ದಿನ. ಲೈಸಿನ್ ದಿನ ಬರೀ ಬೇಳೆ. ಲ್ಯೂಸಿನ್ ದಿನ ಬರೀ ರೊಟ್ಟಿ. ವ್ಯಾಲಿನ್ ದಿನ ಬರೀ ಶೇಂಗಾ. ಪಟ್ಟಿಯ ಕೆಳಗೆ ಕೆಂಪು ಶಾಯಿಯಲ್ಲಿ "ಬೆರೆಸಬಾರದು" ಎಂದು ಬರೆದು ಎರಡು ಗೆರೆ ಎಳೆದಿದ್ದರು.

ಈ ಪಟ್ಟಿ ಬೇರೆ ಯಾರ ಮನೆಯ ಗೋಡೆಗೆ ಬಂದಿದ್ದರೂ ಅಷ್ಟು ಅನರ್ಥವಾಗುತ್ತಿರಲಿಲ್ಲ. ಕಲ್ಯಾಣಮ್ಮನ ಮನೆಯ ಹಿಂದಿನ ಅಂಗಳವೇ "ಕಲ್ಯಾಣಮ್ಮ ರೊಟ್ಟಿ ಕೇಂದ್ರ". ಐದು ವರ್ಷದಿಂದ ಅವಳು ಮತ್ತು ತುರ್ವಿಹಾಳದಿಂದ ಬಸ್ಸಿಗೆ ಬರುವ ಗಿರಿಯಮ್ಮ, ಜೊತೆಗೆ ಇನ್ನಿಬ್ಬರು, ಬೆಳಕು ಹರಿಯುವ ಮೊದಲೇ ರೊಟ್ಟಿ ಬಡಿಯಲು ಕೂರುತ್ತಾರೆ. ನನಗೆ ಗಡಿಯಾರದ ಅಲಾರಾಂ ಬೇಕಾಗಿಲ್ಲ; ಆ ಟಪಟಪ ಸಾಕು. ಆಗಷ್ಟೇ ಒಂದು ದೊಡ್ಡ ಕೆಲಸ ಕುದುರುವುದರಲ್ಲಿತ್ತು. ಮಸ್ಕಿಯ ಒಂದು ನರ್ಸಿಂಗ್ ಕಾಲೇಜಿನ ಹಾಸ್ಟೆಲ್ಲಿನ ಅರವತ್ತು ಹುಡುಗಿಯರಿಗೆ ದಿನಾ ಮಧ್ಯಾಹ್ನದ ಊಟ. ಅದು ಸಿಕ್ಕರೆ ಇನ್ನೂ ನಾಲ್ಕು ಹೆಂಗಸರನ್ನು ಸೇರಿಸಿಕೊಳ್ಳುವುದೆಂದು ಮಾತಾಗಿತ್ತು. ಅವರಲ್ಲಿ ಒಬ್ಬಳು ಗಿರಿಯಮ್ಮನ ತಂಗಿ. ಹತ್ತು ವರ್ಷ ಭತ್ತದ ಸಸಿ ನಾಟಿ ಮಾಡಿ ಮಾಡಿ ಸೊಂಟ ನೆಟ್ಟಗಾಗದವಳು. "ರೊಟ್ಟಿ ಕುಂತು ಬಡಿಯೂದು ಅಕ್ಕಾ, ಬಗ್ಗೂದಿಲ್ಲ" ಎಂದು ಅವಳು ದಿನಾ ಫೋನಿನಲ್ಲಿ ಕೇಳುತ್ತಿದ್ದಳಂತೆ, ಆರ್ಡರು ಬಂತೇ ಎಂದು.

ಮೊದಲ ಲ್ಯೂಸಿನ್ ದಿನ ನಾನು ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದೆ. ಮಾತು ಕೇಳಿಸಿತು.

"ಕಲ್ಯಾಣಿ, ಇವತ್ತು ಬರೇ ರೊಟ್ಟಿ."

"ಪಲ್ಲೆ?"

"ಬ್ಯಾಡ."

"ಶೇಂಗಾ ಚಟ್ನಿ ಆದ್ರೂ ಹಚ್ಚಿಕೊಳ್ರಿ."

"ಅದು ವ್ಯಾಲಿನ್. ಶುಕ್ರವಾರದ್ದು."

"ಒಣಾ ರೊಟ್ಟಿ ಗಂಟಲದಾಗ ಇಳೀತೈತೇನ್ರಿ?"

"ನೀರೈತಲ್ಲ. ನೀರಿಗೆ ಯಾವ ಆಮ್ಲದ ತಕರಾರೂ ಇಲ್ಲ."

ವಿಜ್ಞಾನವನ್ನು ಒಳಗೆ ಕೂತು ತಿಂದರೆ ಯಾರಿಗೆ ಉಪಯೋಗ? ಶಿವಶರಣಪ್ಪನವರು ತಟ್ಟೆ ಹಿಡಿದು ಮನೆ ಮುಂದಿನ ಕಟ್ಟೆಗೆ ಬಂದರು. ಬೀದಿಗೆ ಮುಖ ಮಾಡಿ ಕೂತು, ಒಂದೊಂದು ತುಂಡನ್ನೂ ಇಪ್ಪತ್ತು ಸಲ ಅಗಿದು, ನಡುನಡುವೆ ನೀರು ಕುಡಿದು, ನಾಲ್ಕು ಒಣ ರೊಟ್ಟಿ ಮುಗಿಸಿದರು. ಕಣ್ಣಲ್ಲಿ ನೀರು ಬಂದಿತ್ತು. ಅದು ಗಂಟಲಿನದು. ಬೀದಿಯವರು ಅದನ್ನು ಹೃದಯದ್ದೆಂದು ತಿಳಿದರು.

ಎಳ್ಳಿನ ದಿನ ಮಧ್ಯಾಹ್ನದ ನಂತರ ಅವರು ಅಂಗಡಿ ತೆರೆಯಲಿಲ್ಲ. ಕಾರಣ ಬರೆಯುವಂಥದ್ದಲ್ಲ. ಅಂದಿನಿಂದ ಪಟ್ಟಿಯಲ್ಲಿ ಎಳ್ಳು ಹೊಡೆದುಹಾಕಿ, ಆ ದಿನವನ್ನೂ ರೊಟ್ಟಿಗೆ ಕೊಟ್ಟರು.

ಆ ವಾರವೇ ಒಂದು ಬೆಳಿಗ್ಗೆ ಗೋಡೆಯಾಚೆ ನೋಡಿದರೆ ಕಲ್ಯಾಣಮ್ಮ ಒಂದು ಚಿಕ್ಕ ಪರಾತದಲ್ಲಿ ಬೇರೆಯೇ ಹಿಟ್ಟು ಕಲಸುತ್ತಿದ್ದಳು. ಜೋಳದ ಹಿಟ್ಟಿಗೆ ಎರಡು ಮುಷ್ಟಿ ಹೆಸರುಬೇಳೆ ಹಿಟ್ಟು ಸುರಿದಳು. ನಾನು ಅವಳನ್ನು ನೋಡಿದೆ. ಅವಳು ನನ್ನನ್ನು ನೋಡಿದಳು.

"ಇದು ಇವರದ್ರಿ ಅಮ್ಮಾರ," ಎಂದಳು. "ಡಾಕ್ಟ್ರ ಮಾತು ಆವತ್ತ ನೀವು ನನಗ ಹೇಳಿದಿರಲ್ಲ, ಎರಡೂ ಕೂಡಬೇಕಂತ. ಬ್ಯಾಳಿ ದಿನ ಬ್ಯಾಳ್ಯಾಗ ಜ್ವಾಳದ ಹಿಟ್ಟು ಕದಡ್ತೀನಿ. ಇಲ್ಲಂದ್ರ ಎಂಟು ದಿನದಾಗ ಮತ್ತ ತಲಿ ತಿರುಗಿ ಬೀಳ್ತಾರ."

"ಅವರಿಗೆ ಹೇಳಬಾರದೇನಮ್ಮ?"

"ಹೇಳಿದ್ರ ಕೇಳಂಗಿಲ್ಲ. ಹಾಕಿದ್ರ ತಿಂತಾರ."

ಗಂಡಂದಿರ ಬಗ್ಗೆ ಇಷ್ಟು ಚಿಕ್ಕ, ಇಷ್ಟು ಪೂರ್ಣವಾದ ವಿವರಣೆ ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಭತ್ತದ ಎಲೆ ಸ್ವಲ್ಪ ಹಳದಿಯಾದರೂ ಹತ್ತು ಮಾರು ದೂರದಿಂದ ಸತುವಿನ ಕೊರತೆ ಎನ್ನುವ ಆ ಮನುಷ್ಯ, ತಟ್ಟೆಯಲ್ಲಿನ ರೊಟ್ಟಿ ಹಳದಿಯಾದದ್ದನ್ನು ಇಪ್ಪತ್ತೊಂದು ದಿನ ಕಾಣಲಿಲ್ಲ. ಒಮ್ಮೆ ಮಾತ್ರ, "ಬ್ಯಾಳಿ ಯಾಕ ಗಟ್ಟಿ ಐತಿ?" ಎಂದು ಕೇಳಿದರಂತೆ. "ಲೈಸಿನ್ ಗಟ್ಟಿ ಕುಂತೈತಿ" ಎಂದಳಂತೆ ಕಲ್ಯಾಣಮ್ಮ. ಅವರು ಸಮಾಧಾನದಿಂದ ತಲೆಯಾಡಿಸಿದರಂತೆ.

ಇತ್ತ ಬೀದಿಯಲ್ಲಿ ಇನ್ನೊಂದು ಹಿಟ್ಟು ಕಲಸುತ್ತಿತ್ತು. ಸಾಹುಕಾರರು ಒಣ ರೊಟ್ಟಿ ತಿನ್ನುತ್ತಿದ್ದಾರೆ ಎಂಬುದು ಮೊದಲ ದಿನದ ಸುದ್ದಿ. ಹೆಂಡತಿ ಪಲ್ಯ ಹಾಕುತ್ತಿಲ್ಲವಂತೆ ಎಂಬುದು ಮೂರನೆಯ ದಿನದ್ದು. ಮೂರು ತಿಂಗಳಿಂದ ಹಾಕಿಲ್ಲವಂತೆ, ಈಗ ಮಾತ್ರ ಹೊರಗೆ ಬಂದಿದೆ ಎಂಬುದು ವಾರದ್ದು. ಬೇಳೆಯ ದಿನ ಅವರು ಬರೀ ಬೇಳೆ ಕುಡಿಯುವುದನ್ನು ಕಂಡವರು, "ರೊಟ್ಟಿನೂ ಬಂದ್ ಆತು" ಎಂದರು.

ನಮ್ಮ ಬೀದಿಯ ಜನ ಕರುಣಾಳುಗಳು. ಹಾಲಿನವನು ಕಟ್ಟೆಯ ಮೇಲೆ ಒಂದು ಲೋಟ ಮಜ್ಜಿಗೆ ಇಟ್ಟು, ಹಿಂತಿರುಗಿ ನೋಡದೆ ಹೋದ. ಎದುರು ಮನೆಯವರು ಬದನೆಕಾಯಿ ಎಣ್ಣೆಗಾಯಿಯ ಡಬ್ಬಿಯನ್ನು ಪೇಪರಿನಲ್ಲಿ ಸುತ್ತಿ ಕಳಿಸಿದರು. ಪಾಮನಕಲ್ಲೂರಿನ ತಾಯಪ್ಪ, ಎಲೆ ಸುಟ್ಟುಕೊಂಡ ಅದೇ ತಾಯಪ್ಪ, ಔಷಧಿಗೆಂದು ಬಂದವನು ಚಡ್ಡಿಯ ಜೇಬಿನಿಂದ ಒಂದು ಡಬ್ಬಿ ತೆಗೆದು ಗಲ್ಲಾದ ಕೆಳಗೆ ತಳ್ಳಿದ.

"ಏನ್ಲೇ ಇದು ತಾಯಪ್ಪ?"

"ಹಸಿಮೆಣಸಿನಕಾಯಿ ಖಾರರೀ ಸಾವ್ಕಾರ್ರೇ. ಮರೆಗೆ ಕುಂತು ತಿನ್ರಿ. ನಾ ಯಾರ ಮುಂದೂ ಹೇಳಂಗಿಲ್ಲ."

ಒಬ್ಬ ಗಂಡಸಿನ ತಟ್ಟೆಯಲ್ಲಿ ನಾಲ್ಕು ದಿನ ಪಲ್ಯವಿಲ್ಲದಿದ್ದರೆ ಊರು ಡಬ್ಬಿ ಹಿಡಿದು ಬರುತ್ತದೆ. ಇನ್ನೂರು ರೊಟ್ಟಿ ಬಡಿದು ಎದ್ದವಳು ಊಟ ಮಾಡಿದಳೇ ಎಂದು ಕೇಳುವುದಕ್ಕೆ ಆ ಡಬ್ಬಿಗಳಲ್ಲಿ ಒಂದೂ ಬರಲಿಲ್ಲ. ಗಿರಿಯಮ್ಮ ಮಾತ್ರ ದಿನಾ ಮೊದಲ ರೊಟ್ಟಿಯನ್ನು ಮುರಿದು, ಅರ್ಧವನ್ನು ಕಲ್ಯಾಣಮ್ಮನ ಬಾಯಿಗೇ ಇಡುತ್ತಿದ್ದಳು. ಇಬ್ಬರ ಕೈಯೂ ಹಿಟ್ಟಾಗಿರುತ್ತಿತ್ತು.

ಹದಿನೈದನೆಯ ದಿನ ಮಸ್ಕಿಯಿಂದ ಮೊದಲ ಬಸ್ಸಿಗೆ ಶಿವಶರಣಪ್ಪನವರ ಅಕ್ಕ ಶಿವಕುಮಾರಮ್ಮ ಬಂದಿಳಿದರು. ಒಳಗೆ ಬರಲಿಲ್ಲ. ಕಟ್ಟೆಯ ಮೇಲೆ ತಮ್ಮನ ಪಕ್ಕದಲ್ಲಿ ಕೂತು, ಅವರ ಗದ್ದ ಹಿಡಿದು ತಿರುಗಿಸಿ ನೋಡಿದರು.

"ತಮ್ಮಾ, ಹೆದರಬ್ಯಾಡ. ನಾ ಬಂದೀನಿ. ಏನ್ ನಡದೈತಿ ಖರೇ ಹೇಳು."

"ಏನೂ ಇಲ್ಲಕ್ಕಾ. ನಿನ್ನೆ ಲೈಸಿನ್ ಆತು. ಇವತ್ತು ಲ್ಯೂಸಿನ್ ನಡದೈತಿ."

"ಹೊಟ್ಟಿ ತುಂಬ ಊಟ ಹಾಕ್ತಾಳೋ ಇಲ್ಲೋ?"

"ಬೆರೆಸಿ ಹಾಕಬ್ಯಾಡಂತ ನಾನ ಹೇಳೀನಕ್ಕಾ. ಬೆರೆಸಿದ್ರ ಒಡೀತಾವು."

ಶಿವಕುಮಾರಮ್ಮ ನಮ್ಮ ಕಟ್ಟೆಯ ಮೇಲಿದ್ದ ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಹೇಳಿದರು: "ಪಾಪ, ತಲಿಗೂ ಹತ್ತೈತಿ." ಕಲ್ಯಾಣಮ್ಮ ಚಹಾ ತಂದಿಟ್ಟಳು. ಆ ಚಹಾವನ್ನು ಅವರು ಕುಡಿಯಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಮಸ್ಕಿಗೆ ಮರಳಿ, ಕಂಡದ್ದನ್ನೂ ಕಾಣದ್ದನ್ನೂ ತಮ್ಮ ಓಣಿಗೆ ವರದಿ ಮಾಡಿದರು. ಅದೇ ಓಣಿಯಲ್ಲಿ ಆ ನರ್ಸಿಂಗ್ ಹಾಸ್ಟೆಲ್ಲಿನ ವಾರ್ಡನ್ ಗಂಗಾ ಬಾಡಿಗೆಗೆ ಇದ್ದಳು.

ಎರಡು ದಿನ ಬಿಟ್ಟು ಗಂಗಾ ಕಲ್ಯಾಣಮ್ಮನಿಗೆ ಫೋನು ಮಾಡಿದಳು. ಒಳ್ಳೆಯ ಹುಡುಗಿ; ಹೇಳುವುದಕ್ಕೆ ಅವಳಿಗೇ ಸಂಕೋಚ.

"ಅಮ್ಮಾ, ತಪ್ಪು ತಿಳ್ಕೋಬ್ಯಾಡ್ರಿ. ಮನಿಯವರಿಗೇ ಊಟ ಹಾಕಲಾರದಾಕಿ ಅರವತ್ತು ಹುಡುಗ್ಯಾರಿಗೆ ಏನ್ ಹಾಕ್ತಾಳ ಅಂತ ನಮ್ಮ ಕಾಲೇಜಿನ ಕಾರ್ಯದರ್ಶಿಗಳು ಕೇಳಾಕತ್ತಾರ. ಗುರುವಾರ ಮಧ್ಯಾಹ್ನ ನಾನು, ಅವರು ಬರ್ತೀವಿ. ಊಟದ ಹೊತ್ತಿಗೆ. ನಿಮ್ಮ ಮನಿಯವರೂ ಇರ್ಲಿ."

ಕಲ್ಯಾಣಮ್ಮ ಆ ರಾತ್ರಿ ಗಂಡನನ್ನು ಕೇಳಿಕೊಂಡಳು: ಗುರುವಾರ ಒಂದು ದಿನ, ಬಂದವರ ಎದುರಿಗೆ, ರೊಟ್ಟಿ ಬೇಳೆ ಎರಡನ್ನೂ ಒಂದೇ ತಟ್ಟೆಯಲ್ಲಿ ಉಣ್ಣಿರಿ. ಶಿವಶರಣಪ್ಪನವರು ಪಟ್ಟಿ ನೋಡಿದರು. ಗುರುವಾರ ಬರೀ ರೊಟ್ಟಿ. "ನಡುವ ಬಿಟ್ರ ಕೋರ್ಸ್ ಹಾಳಾಗತೈತಿ ಕಲ್ಯಾಣಿ" ಎಂದರು. ಅವರ ಬಳಿ ಆಧಾರವೂ ಇತ್ತು. ಆ ಸೋಮವಾರ ಅವರೊಬ್ಬರೇ ಲಿಂಗಸುಗೂರಿಗೆ ಹೋಗಿ ಬಂದಿದ್ದರು. ತೂಕ ಒಂದೂವರೆ ಕಿಲೋ ಹೆಚ್ಚಿತ್ತು. ತಲೆ ತಿರುಗುವುದು ನಿಂತಿತ್ತು. ಡಾಕ್ಟರ್ ಜುಲ್ಫಿಕರ್ ಸಂತೋಷಪಟ್ಟು, "ಈಗ ಹೆಂಗ ಉಣ್ಣಾಕತ್ತೀರೋ ಹಂಗ ಮುಂದುವರಸ್ರಿ" ಎಂದು ತೂಕದ ಜೊತೆ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಹೆಂಡತಿ ಗುಟ್ಟಾಗಿ ಕಲಸಿದ ಹಿಟ್ಟಿಗೆ ಡಾಕ್ಟರ ಮೊಹರು ಬಿದ್ದಿತ್ತು. ಆ ಮೊಹರನ್ನು ಗಂಡ ಜೇಬಿನಲ್ಲಿಟ್ಟುಕೊಂಡು ಅವಳ ಎದುರೇ ವಾದಿಸುತ್ತಿದ್ದರು.

ಗುರುವಾರ ಹನ್ನೆರಡೂವರೆಗೆ ಕಾರು ಬಂತು. ಕಾರ್ಯದರ್ಶಿ ಸಂಗನಬಸವ ಅವರು ಅಕ್ಕಿ ಗಿರಣಿಯ ಮಾಲೀಕರು, ಇಸ್ತ್ರಿಯ ಗೆರೆ ಮುರಿಯದಂತೆ ಕೂರುವವರು. ಗಂಗಾ ಇಳಿದವಳೇ ಹಿಂದಿನ ಅಂಗಳಕ್ಕೆ ಹೋಗಿ, ಒಲೆಯ ಮುಂದಿನ ಗಿರಿಯಮ್ಮನನ್ನು, "ಇಷ್ಟು ಝಳಕ್ಕ ಕುಂತೀರಿ, ನೀರು ಕುಡಿದ್ರೇನಕ್ಕಾ?" ಎಂದು ಕೇಳಿದಳು. ಐದು ವರ್ಷದಲ್ಲಿ ತಪಾಸಣೆಗೆ ಬಂದ ಯಾರೂ ಕೇಳದ ಪ್ರಶ್ನೆ ಅದು. ಗಿರಿಯಮ್ಮನ ಕೈ ಒಂದು ಕ್ಷಣ ರೊಟ್ಟಿಯ ಮೇಲೆ ನಿಂತಿತು. ನಾನು ಕಲ್ಯಾಣಮ್ಮನ ಒತ್ತಾಯಕ್ಕೆ ಪಡಸಾಲೆಯ ಮೂಲೆಯಲ್ಲಿ ಕೂತಿದ್ದೆ. ತಾಯಪ್ಪ ಔಷಧಿಯ ಖಾಲಿ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅಂಗಡಿ ಮುಚ್ಚಿದೆ ಎಂದು ಸಾಹುಕಾರರನ್ನು ಹುಡುಕಿಕೊಂಡು ಮನೆಗೇ ಬಂದಿದ್ದ.

ಕಲ್ಯಾಣಮ್ಮ ಬಂದವರ ತಟ್ಟೆಗೆ ರೊಟ್ಟಿ, ಬೇಳೆ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೊಸರು ಬಡಿಸಿದಳು. ಗಂಡನ ತಟ್ಟೆಗೆ ಮೂರು ಒಣ ರೊಟ್ಟಿ. ಸಂಗನಬಸವ ಅವರು ಎರಡೂ ತಟ್ಟೆ ನೋಡಿದರು.

"ಅಂದ್ರ ಜನ ಹೇಳಿದ್ದು ಖರೇನ ಐತಿ."

"ಏನ್ ಹೇಳ್ಯಾರ್ರಿ ಜನ?" ಎಂದರು ಶಿವಶರಣಪ್ಪ. ತಮ್ಮ ಮೇಲೆ ಇಪ್ಪತ್ತು ದಿನದಿಂದ ಊರು ಕಣ್ಣೀರು ಹಾಕುತ್ತಿದೆ ಎಂಬುದು ಅವರಿಗೆ ಆ ತನಕ ಗೊತ್ತೇ ಇರಲಿಲ್ಲ. ಡಬ್ಬಿಗಳೆಲ್ಲ ಗಿರಾಕಿಗಳ ಪ್ರೀತಿ ಎಂದು ತಿಳಿದಿದ್ದರು.

ಗಂಗಾ ಮೆಲ್ಲಗೆ ಕೇಳಿದಳು: "ಯಜಮಾನ್ರೇ, ನೀವ್ಯಾಕ ಬರೇ ರೊಟ್ಟಿ ತಿನ್ನಾಕತ್ತೀರಿ?"

ಇಪ್ಪತ್ತೊಂದು ದಿನದಿಂದ ಯಾರಾದರೂ ಕೇಳಲಿ ಎಂದು ಕಾದಿದ್ದ ಪ್ರಶ್ನೆ. ಶಿವಶರಣಪ್ಪನವರು ಎದ್ದು ನಿಂತರು. ಒಂಬತ್ತು ಆಮ್ಲಗಳನ್ನು ಬೆರಳು ಮಡಿಸುತ್ತ ಹೇಳತೊಡಗಿದರು. ಲೈಸಿನ್, ಲ್ಯೂಸಿನ್, ಐಸೊಲ್ಯೂಸಿನ್, ಮೆಥಿಯೋನಿನ್, ವ್ಯಾಲಿನ್, ಥ್ರಿಯೋನಿನ್, ಟ್ರಿಪ್ಟೊಫಾನ್. ಏಳಕ್ಕೆ ನಿಂತರು. ಛಾವಣಿ ನೋಡಿದರು. "ಲೈಸಿನ್" ಎಂದು ಮತ್ತೊಮ್ಮೆ ಅಂದರು.

"ಹೌದ್ಹೌದು," ಎಂದರು ಕಾರ್ಯದರ್ಶಿಗಳು, "ಲೈಸಿನ್ ಎರಡು ಸಲ ಬೇಕಾಗತೈತಿ."

ಅವರು ಆ ಹೆಸರನ್ನು ಜೀವನದಲ್ಲಿ ಮೊದಲ ಬಾರಿ ಕೇಳಿದ್ದು ಅರ್ಧ ನಿಮಿಷದ ಹಿಂದೆ. ಆದರೆ ಒಂದು ಕಾಲೇಜಿನ ಕಾರ್ಯದರ್ಶಿಗೆ ಗೊತ್ತಿಲ್ಲ ಎನ್ನುವ ಸ್ವಾತಂತ್ರ್ಯ ಇರುವುದಿಲ್ಲ.

ಶಿವಶರಣಪ್ಪನವರು ಡಾಕ್ಟರ ಚೀಟಿ ತೆಗೆದು ತೋರಿಸಿದರು. ಬೆರೆಸಿದರೆ ಆಮ್ಲಗಳು ಒಂದನ್ನೊಂದು ಹೇಗೆ ಹಾಳುಮಾಡುತ್ತವೆ, ಬೇರೆ ಮಾಡಿದರೆ ತೂಕ ಹೇಗೆ ಏರುತ್ತದೆ, ಎಲ್ಲವನ್ನೂ ವಿವರಿಸಿದರು. ಕಾರ್ಯದರ್ಶಿಗಳ ಮುಖದಲ್ಲಿ ನಿಧಾನಕ್ಕೆ ಬೆಳಕು ಮೂಡಿತು.

"ಅಂದ್ರ ರೊಟ್ಟಿ ದಿನ ಬ್ಯಾಳಿ ಬ್ಯಾಡ?"

"ಬ್ಯಾಡೇ ಬ್ಯಾಡ."

"ಬ್ಯಾಳಿ ದಿನ ರೊಟ್ಟಿ ಬ್ಯಾಡ?"

"ಮುಟ್ಟಂಗಿಲ್ಲ."

"ಪಲ್ಲೆ?"

"ಅದಕ್ಕ ಪಟ್ಟಿಯಾಗ ಜಾಗನ ಇಲ್ಲ."

ಯಾವುದೇ ಶಾಸ್ತ್ರದಲ್ಲಿ ತಮಗೆ ಉಪಯೋಗಕ್ಕೆ ಬರುವ ಭಾಗವನ್ನು ಕೆಲವರು ಬಹಳ ಬೇಗ ಹಿಡಿಯುತ್ತಾರೆ. "ಇದು ಭಾಳ ವೈಜ್ಞಾನಿಕ ಐತಿ," ಎಂದರು ಸಂಗನಬಸವ. "ನರ್ಸಿಂಗ್ ಕಾಲೇಜು ಅಂದ ಮ್ಯಾಲ ಊಟನೂ ವೈಜ್ಞಾನಿಕ ಇರಬೇಕು. ಕಲ್ಯಾಣಮ್ಮಾರೇ, ಆರ್ಡರ್ ನಿಮಗ. ಈ ಪದ್ಧತಿ ಪ್ರಕಾರನ ಕೊಡ್ರಿ. ಒಂದಿನ ರೊಟ್ಟಿ, ಒಂದಿನ ಬ್ಯಾಳಿ. ಖರ್ಚೂ ಹಗುರ."

ಗಂಗಾ ತಟ್ಟೆಯಿಂದ ಕೈ ತೆಗೆದಳು. ಅರವತ್ತು ಹುಡುಗಿಯರ ಒಣ ಗಂಟಲು ಅವಳ ಮುಖದಲ್ಲಿ ಕಾಣುತ್ತಿತ್ತು. ಹಿಂದಿನ ಅಂಗಳದಲ್ಲಿ ರೊಟ್ಟಿಯ ಟಪಟಪ ನಿಂತಿತು. ಗಿರಿಯಮ್ಮ ಬಾಗಿಲಿಗೆ ಬಂದು ನಿಂತಳು. ಆರ್ಡರು ಬಂದಿತ್ತು. ಕಲ್ಯಾಣಮ್ಮ ಹೂಂ ಎಂದರೆ ಸಾಕು, ಸುಮ್ಮನಿದ್ದರೂ ಸಾಕು.

ಕಲ್ಯಾಣಮ್ಮ ಸೆರಗಿಗೆ ಕೈ ಒರೆಸಿಕೊಂಡಳು.

"ಹಂಗಾದ್ರ ಆಗಂಗಿಲ್ರಿ."

"ಯಾಕ್ರಿ?"

ಅವಳು ಗಂಡನ ತಟ್ಟೆಯಿಂದ ಒಂದು ರೊಟ್ಟಿ ಎತ್ತಿ, ಒಂದು ತುಂಡು ಮುರಿದು ಬಾಗಿಲಲ್ಲಿದ್ದ ತಾಯಪ್ಪನಿಗೆ ಕೊಟ್ಟಳು. "ತಾಯಪ್ಪ, ತಿಂದು ಏನೈತಿ ಹೇಳು."

ತಾಯಪ್ಪ ಖಾಲಿ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ ಅಗಿದ. ಯಾರೂ ಅವಸರ ಮಾಡಲಿಲ್ಲ.

"ಹೆಸರೈತ್ರಿ ಇದರಾಗ. ಜ್ವಾಳ ಎರಡು ಪಾಲು, ಹೆಸರು ಒಂದು ಪಾಲು ಇರಬೇಕು." ಮತ್ತೊಮ್ಮೆ ಅಗಿದ. "ಹ್ವಾದ ವರ್ಷದ ಹೆಸರು. ನಮ್ಮ ಹೊಲದ್ದ ಅನಸ್ತೈತಿ."

"ನಿಮ್ಮ ಹೊಲದ್ದ. ನೀನ ತಂದು ಕೊಟ್ಟಿದ್ದಿಯಲ್ಲ."

ಶಿವಶರಣಪ್ಪನವರು ತಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದರು. ರೊಟ್ಟಿ ಹಳದಿಯಾಗಿತ್ತು.

"ಎಷ್ಟು ದಿನದಿಂದ ನಡದೈತಿ ಇದು?"

"ಮೊದಲನೇ ರೊಟ್ಟಿ ದಿನದಿಂದ."

"ಬ್ಯಾಳ್ಯಾಗ?"

"ಜ್ವಾಳದ ಹಿಟ್ಟು."

"ಶೇಂಗಾದಾಗ?"

"ಶೇಂಗಾಕ್ಕ ಏನ್ ಮಾಡಾಕೂ ಆಗಲಿಲ್ರಿ. ಅದೊಂದು ನೀವು ಖರೇನ ತಿಂದೀರಿ."

ತಾಯಪ್ಪನಿಗೆ ನಾಲ್ಕು ವರ್ಷ ಹಳೆಯ ಬಾಕಿ ನೆನಪಾಯಿತು.

"ಸಾವ್ಕಾರ್ರೇ, ಅಮ್ಮಾರು ಇಪ್ಪತ್ತೊಂದು ದಿನ ಒಂದೇ ಟ್ಯಾಂಕಿಗೆ ಹಾಕ್ಯಾರ. ನಿಮ್ಮ ಎಲಿ ಸುಟ್ಟಿಲ್ಲಲ್ರಿ."

ಸಂಗನಬಸವ ಅವರು ಮೊದಲು ನಕ್ಕರು. ಇಸ್ತ್ರಿಯ ಗೆರೆ ಮುರಿಯುವಷ್ಟು ನಕ್ಕರು. ಆ ನಗೆ ಬಸ್ ನಿಲ್ದಾಣ ಮುಟ್ಟಲು ಹೆಚ್ಚು ಹೊತ್ತು ಬೇಕಿರಲಿಲ್ಲ. ಅಲ್ಲಿಂದ ಮಸ್ಕಿ, ಲಿಂಗಸುಗೂರು. ಶಿವಶರಣಪ್ಪನವರು ತಟ್ಟೆ ಹಿಡಿದು ನಿಂತೇ ಇದ್ದರು. ಇಳಿಸುವುದಕ್ಕೆ ಜಾಗ ತಿಳಿಯದವರಂತೆ.

"ನಗಬ್ಯಾಡ್ರಿ," ಎಂದಳು ಕಲ್ಯಾಣಮ್ಮ. ದನಿ ಏರಿಸಲಿಲ್ಲ. "ಕಂಪನಿಯವರು ಹೊಸಾ ಔಷಧಿ ಮಾರೂಕಿಂತ ಮುಂಚೆ ಒಬ್ಬರ ಹೊಲದಾಗ ಹೊಡದು ತೋರಸ್ತಾರಲ್ಲ, ಡೆಮೊ ಪ್ಲಾಟ್ ಅಂತ. ಹುಡುಗ್ಯಾರಿಗೆ ಹಾಕೂಕಿಂತ ಮುಂಚೆ ನಾವೂ ಒಬ್ಬರ ಮ್ಯಾಲ ನೋಡಬೇಕಲ್ರಿ. ನಮ್ಮನಿಯವರು ಡೆಮೊ ಪ್ಲಾಟ್ ಆಗಿ ಕುಂತ್ರು. ಊರವರು ಏನಾರ ಅನ್ಲಿ ಅಂತ ಬೀದಿಗೆ ಕುಂತು ತಿಂದ್ರು. ಜ್ವಾಳ, ಕಾಳು ಕೂಡಿದ್ರ ಏನ್ ಆಗತೈತಿ ಅನ್ನೂದು ಆ ಚೀಟಿಯಾಗ ಐತಿ, ನೋಡ್ರಿ."

ಕಾರ್ಯದರ್ಶಿಗಳು ಶಿವಶರಣಪ್ಪನವರನ್ನು ನೋಡಿದರು. ಶಿವಶರಣಪ್ಪನವರು ಹೆಂಡತಿಯನ್ನು ನೋಡಿದರು. ಆಮೇಲೆ ಮೆಲ್ಲಗೆ ಕೂತು, ಬೆನ್ನು ನೆಟ್ಟಗೆ ಮಾಡಿಕೊಂಡರು; ಪಕ್ಕದಲ್ಲಿ ಕಂಪನಿಯ ಬೋರ್ಡು ನೆಟ್ಟರೆ ಹೊಲ ಹೇಗೆ ಕಾಣುತ್ತದೋ ಹಾಗೆ.

"ಹೌದ್ರಿ," ಎಂದರು. "ಇಳುವರಿ ಚಲೋ ಬಂದೈತಿ."

ಗಂಗಾ ಅವಕಾಶ ಬಿಡಲಿಲ್ಲ. "ಹಂಗಾದ್ರ ಎರಡೂ ಕೂಡೇ ಬರ್ಲಿ ಸರ್, ಪಲ್ಲೆ ಮೊಸರು ಸಹಿತ. ವೈಜ್ಞಾನಿಕ ಇರಬೇಕಂತ ನೀವ ಹೇಳಿದ್ರಿ." ಐದು ನಿಮಿಷದ ಹಿಂದೆ ಆಡಿದ ಮಾತು. ಎದುರಿಗೆ ಸಾಕ್ಷಿಗಳು. ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಂಡು ಆರ್ಡರಿನ ಕಾಗದಕ್ಕೆ ಸಹಿ ಹಾಕಿದರು. ಪೆನ್ನು ಜೇಬಿಗಿಡುತ್ತ, ತಿಳಿದವರ ಗತ್ತಿನಲ್ಲಿ ಕೇಳಿದರು:

"ಹಿಂಗ ಕೂಡಿಸಿ ಕೊಡೂದಕ್ಕ ಸೈನ್ಸಿನಾಗ ಒಂದು ಹೆಸರಿರಬೇಕಲ್ಲ. ಏನಂತಾರ?"

"ಊಟ ಅಂತಾರ್ರಿ," ಎಂದಳು ಕಲ್ಯಾಣಮ್ಮ.

ಈಗ ಗಿರಿಯಮ್ಮನ ತಂಗಿಯೂ ತುರ್ವಿಹಾಳದ ಬಸ್ಸಿಗೆ ಬರುತ್ತಾಳೆ. ಬೆಳಗಿನ ಟಪಟಪ ದುಪ್ಪಟ್ಟಾಗಿದೆ. ಶಿವಕುಮಾರಮ್ಮ ಮಸ್ಕಿಯಿಂದ ಬಂದು, ಆ ದಿನ ಕುಡಿಯದೆ ಬಿಟ್ಟ ಚಹಾದ ಬದಲಿಗೆ ಎರಡು ಲೋಟ ಕುಡಿದು ಹೋದರು. ಅದೇ ಅವರ ಕ್ಷಮಾಪಣೆ. ಅಡುಗೆಮನೆಯ ಪಟ್ಟಿಯನ್ನು ಯಾರು ತೆಗೆದರೋ ಗೊತ್ತಿಲ್ಲ.

ಕಳೆದ ವಾರ ನನ್ನ ಕರಿಬೇವಿನ ಗಿಡಕ್ಕೆ ಏನಾದರೂ ತರೋಣವೆಂದು ಮಧ್ಯಾಹ್ನ ಅಂಗಡಿಗೆ ಹೋಗಿದ್ದೆ. ಮಿರ್ಚಿ ಮಂಡಾಳದ ಸುಳಿವಿಲ್ಲ. ಶಿವಶರಣಪ್ಪನವರು ಡಬ್ಬಿ ಬಿಚ್ಚಿ, ರೊಟ್ಟಿಯ ಮೇಲೆ ಬೇಳೆ ಸುರಿದು, ಮೇಲೆ ಶೇಂಗಾ ಚಟ್ನಿ ಉದುರಿಸಿ ಉಣ್ಣುತ್ತಿದ್ದರು. ಎದುರಿಗೆ ತಾಯಪ್ಪ ಎರಡು ಡಬ್ಬಿ ಔಷಧಿ ಹಿಡಿದು, ಇವನ್ನು ಒಟ್ಟಿಗೆ ಹೊಡೆಯಲೇ ಎಂದು ವಾದಕ್ಕೆ ನಿಂತಿದ್ದ. ಅವರು ಬಾಯಿ ತುಂಬಿದ್ದರಿಂದ ಮಾತನಾಡದೆ, ಎಡಗೈಯಿಂದ ಹಿಂದಿನ ಹಲಗೆಯನ್ನು ತೋರಿಸಿದರು. ನಾನೂ ತಲೆಯೆತ್ತಿ ನೋಡಿದೆ. ಎರಡು ಔಷಧಿ ಒಂದೇ ಟ್ಯಾಂಕಿನಲ್ಲಿ ಬೆರೆಸಬಾರದು, ಬೆರೆಸಿದರೆ ಅಂಗಡಿ ಜವಾಬ್ದಾರಿಯಲ್ಲ. ಅದರ ಕೆಳಗೆ, ಬಣ್ಣದಲ್ಲಿ ಅಲ್ಲ, ಪೆನ್ನಿನಲ್ಲಿ, ಅವರದೇ ಅಕ್ಷರದಲ್ಲಿ, ಚಿಕ್ಕದಾಗಿ ಇನ್ನೊಂದು ಸಾಲು ಸೇರಿತ್ತು:

"ಊಟಕ್ಕೆ ಅನ್ವಯಿಸುವುದಿಲ್ಲ."